ಬೆಂಗಳೂರಿನ ಅಡ್ವಾನ್ಸ್‌ಗೆ ನಮ್ಮೂರಿನ ಒಡವೆ

ಇದು ಬೆಂಗಳೂರಿನ ಸಮಾಚಾರ, ನಮಗ್ಯಾಕೆ ಅಂತ ಮುಂದಕ್ಕೆ ಸರಿಸಬೇಡಿ. ಈ ಕತೆ ಶುರುವಾಗೋದು ನಮ್ಮೂರಿನ ಸೊಸೈಟಿಯಲ್ಲಿ, ಒಡವೆ ಸಾಲ ಕೊಡುವ ಮೇಜಿನ ಮುಂದೆ.

ಮಕ್ಕಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು ಅಂತ ಸಿಹಿ ಹಂಚುತ್ತೇವೆ. ವಾರದೊಳಗೆ ಫೋನ್ ಬರುತ್ತದೆ: "ಅಪ್ಪಾ, ಸಿಂಗಲ್ ಬೆಡ್‌ರೂಮ್ ಮನೆ ನೋಡಿದೀನಿ. ಬಾಡಿಗೆ ಹದಿನೈದು ಸಾವಿರ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳ್ತಿದಾರೆ." ಅಂದರೆ 1,50,000 ರೂಪಾಯಿ. ಮೊದಲ ಸಂಬಳವನ್ನೇ ನೋಡದ ಮಕ್ಕಳ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅಮ್ಮನ ಸರ ಅಡ ಹೋಗುತ್ತದೆ. ನಮ್ಮ ಮನೆಯಲ್ಲೂ ಹೋಗಿತ್ತು.

ಈಗ ಲೆಕ್ಕ ಹಾಕಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ 1,500. ಹನ್ನೊಂದು ತಿಂಗಳಿಗೆ 16,500. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 15,000. ಮನೆ ಬಿಡುವಾಗ ಪೇಂಟಿಂಗ್ ಅಂತ ಇನ್ನೊಂದು 15,000 ಹಿಡಿಯುತ್ತಾರೆ. ಒಟ್ಟು 46,500, ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು. ಕೈಸಾಲ ತಂದವರ ಬಡ್ಡಿಯನ್ನು ನೀವೇ ಗುಣಿಸಿಕೊಳ್ಳಿ.

ಅದೇ ಊರಲ್ಲಿ ಕಾರ್ಪೊರೇಟ್ ಅಪಾರ್ಟ್‌ಮೆಂಟ್ ಅಂತ ಇವೆ. ಮಂಚ, ಫ್ರಿಡ್ಜ್, ವೈಫೈ ಎಲ್ಲ ಸಿದ್ಧ. ದೊಡ್ಡ ಸಂಬಳದ ಅಧಿಕಾರಿ ಬಂದಿಳಿದರೆ ಕಂಪನಿಯೇ ಬಿಲ್ ಕಟ್ಟುತ್ತದೆ, ಅವರು ಸೂಟ್‌ಕೇಸ್ ಹಿಡಿದು ಒಳಗೆ ಹೋದರೆ ಸಾಕು. ಹತ್ತು ತಿಂಗಳ ಮುಂಗಡದ ಮಾತು ಅಲ್ಲಿಲ್ಲ. ಇರುವವರಿಗೆ ಕಂಪನಿ, ಇಲ್ಲದವರಿಗೆ ಅಮ್ಮನ ಸರ. ಇದು ಯಾವ ನ್ಯಾಯ?

ಕಾನೂನು ಏನು ಮಾಡುತ್ತಿದೆ ಅಂತೀರಾ? 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದಾಗಿ ಜಾರಿ ಮಾಡಿದರಷ್ಟೇ ಅದಕ್ಕೆ ಬಲ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟು ಬರೆದದ್ದು. ಇವತ್ತು 3,500ಕ್ಕೆ ಅಲ್ಲಿ ಸಿಂಗಲ್ ಬೆಡ್‌ರೂಮ್ ಕೊಡುವವರು ಯಾರು? ಇನ್ನು ಆ ಹನ್ನೊಂದು ತಿಂಗಳ ಅಗ್ರಿಮೆಂಟ್. ಒಂದು ವರ್ಷ ಮೀರಿದ ಅವಧಿಯ ಕರಾರನ್ನು ನೋಂದಣಿ ಮಾಡಿಸಬೇಕು. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುತ್ತಾರೆ, ಅಷ್ಟೇ.

"ಬಾಡಿಗೆ ಕೊಡದೆ ಓಡಿಹೋದರೆ? ಮನೆ ಹಾಳುಮಾಡಿದರೆ?" ಅಂತಾರೆ ಓನರ್‌ಗಳು. ಭಯ ಸುಳ್ಳಲ್ಲ. ಬಾಡಿಗೆಯಲ್ಲೇ ಬದುಕುವ ನಿವೃತ್ತರೂ ಇದ್ದಾರೆ. ಆದರೆ ಆ ಭಯಕ್ಕೆ ಎರಡು ತಿಂಗಳು ಸಾಕು, ಮೂರು ಬೇಕಾದರೂ ಇರಲಿ. ಹತ್ತು ಅಂದರೆ ಅದು ಭದ್ರತೆಯಲ್ಲ, ಬಡ್ಡಿಯಿಲ್ಲದ ಸಾಲ. ಹತ್ತು ಮನೆಯ ಕಟ್ಟಡದವರಿಗೆ ಹದಿನೈದು ಲಕ್ಷ ಕೂತಲ್ಲೇ ಬಂತು. ಅದರ ಬಡ್ಡಿ ಕಟ್ಟುವವರು ಊರಲ್ಲಿ ರಾಗಿ, ಜೋಳ ಬೆಳೆಯುವವರು.

ನಾನು ಮನೆ ಬಿಟ್ಟಾಗ ಅಡ್ವಾನ್ಸ್ ವಾಪಸ್ ಬರಲು ಮೂರು ತಿಂಗಳು ಅಲೆದೆ. ಪೇಂಟಿಂಗ್ ದುಡ್ಡು ಹಿಡಿದರು. ಮುಂದೆ ಬಂದವರು ಹೇಳಿದರು: ಗೋಡೆಗೆ ಬಣ್ಣವೇ ಬಿದ್ದಿಲ್ಲ.

ಅದಕ್ಕೇ ಹೇಳೋದು. ಮಕ್ಕಳು ಮನೆ ಹಿಡಿಯುವಾಗ ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಲಿ. ಮನೆಗೆ ಕಾಲಿಟ್ಟ ದಿನವೇ ಗೋಡೆ, ನಲ್ಲಿ, ಬಾಗಿಲಿನ ವಿಡಿಯೊ ತೆಗೆದು ಓನರ್‌ಗೆ ಕಳಿಸಲಿ. ಎಷ್ಟು ದಿನದಲ್ಲಿ ವಾಪಸ್, ಪೇಂಟಿಂಗ್‌ಗೆ ಎಷ್ಟು ಅನ್ನೋದು ಅಗ್ರಿಮೆಂಟಿನಲ್ಲೇ ಇರಲಿ.

ಮತ್ತೆ ನಿಮ್ಮ ಶಾಸಕರು ಓಟು ಕೇಳಲು ಬಂದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ: ಎರಡು ತಿಂಗಳ ಮಿತಿಯನ್ನು ವಿಧಾನಸಭೆಯಲ್ಲಿ ಕೇಳ್ತೀರಾ, ಇಲ್ಲವಾ? ಅಡ ಬಿದ್ದಿರೋದು ನಮ್ಮ ಒಡವೆ. ಕೇಳಬೇಕಾದವರೂ ನಾವೇ.