ಸೋರಿಯಾಸಿಸ್ ಕೇಂದ್ರ: ಬೋರ್ಡಿಗೆ ಮಾನದಂಡ ಯಾವುದು?

ಚರ್ಮರೋಗಗಳನ್ನು ಜಾಗತಿಕ ಆರೋಗ್ಯದ ಆದ್ಯತೆಯಾಗಿ ಪರಿಗಣಿಸಬೇಕೆಂಬ ನಿರ್ಣಯವನ್ನು ವಿಶ್ವ ಆರೋಗ್ಯ ಸಭೆ 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕರಿಸಿತು. ಸೋರಿಯಾಸಿಸ್ ಕುರಿತೇ ಪ್ರತ್ಯೇಕ ನಿರ್ಣಯವೊಂದು 2014ರಲ್ಲೇ ಬಂದಿತ್ತು. ನಿರ್ಣಯಗಳೇನೋ ಆದವು. ಆದರೆ ಮಂಜೇಶ್ವರದ ಅಡಿಕೆ ಬೆಳೆಗಾರ ಮಂಗಳೂರಿಗೆ, ಆದೋನಿಯ ಹತ್ತಿ ವ್ಯಾಪಾರಿ ಬಳ್ಳಾರಿಗೆ, ಅಕ್ಕಲಕೋಟೆಯ ರೈತ ಸೊಲ್ಲಾಪುರಕ್ಕೋ ಕಲಬುರಗಿಗೋ ಬಸ್ಸು ಹತ್ತಿ ಹೋದಾಗ ‘ಸೋರಿಯಾಸಿಸ್ ವಿಶೇಷ ಚಿಕಿತ್ಸಾ ಕೇಂದ್ರ’ ಅಂತ ಬೋರ್ಡು ಕಂಡರೆ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು? ಗಡಿನಾಡಿನ ರೋಗಿಗೆ ಬೇಕಾಗಿರುವುದು ಈ ಪ್ರಶ್ನೆಗೆ ಉತ್ತರ.

ಸೋರಿಯಾಸಿಸ್ ಅಂಟುರೋಗ ಅಲ್ಲ. ಮುಟ್ಟಿದರೆ, ಜೊತೆಗೆ ಕೂತು ಉಂಡರೆ ಬರುವಂಥದ್ದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಅಡ್ಡದಾರಿ ಹಿಡಿದು, ಸುಮಾರು ತಿಂಗಳಿಗೊಮ್ಮೆ ಹೊಸದಾಗಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಬೆಳೆದು, ಕೆಂಪು ಮಚ್ಚೆಯ ಮೇಲೆ ಬೆಳ್ಳಿಯಂಥ ಹೊಟ್ಟು ಕಟ್ಟುತ್ತದೆ. ಕೆಲವರಿಗೆ ಕೀಲುಗಳೂ ಹಿಡಿಯುತ್ತವೆ. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಹತೋಟಿಯಲ್ಲಿಡುವ ಮದ್ದು ಬೇಕಾದಷ್ಟಿದೆ. ‘ಬೇರುಸಮೇತ ಗುಣ’ ಎಂಬ ಜಾಹೀರಾತಿಗೆ ಗಿರಾಕಿ ಸಿಗುವುದು ಈ ಸಂದಿನಲ್ಲೇ.

ಮದ್ದೇ ಮುಳುವಾದರೆ?

ಹೆಸರಿಲ್ಲದ ಪೊಟ್ಟಣದಲ್ಲಿ ಸ್ಟಿರಾಯ್ಡ್ ಮಾತ್ರೆ ಸೇರಿದ್ದರೆ ಮೊದಲು ಮೈ ಶುಭ್ರವಾದಂತೆ ಕಾಣುತ್ತದೆ. ನಿಲ್ಲಿಸಿದ ಮೇಲೆ ರೋಗ ಇಮ್ಮಡಿಯಾಗಿ, ಕೆಲವೊಮ್ಮೆ ಮೈತುಂಬ ಕೀವುಗುಳ್ಳೆಯಾಗಿ ಮರಳುತ್ತದೆ. 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಅಂಗಡಿಗಳಲ್ಲಿ ಅದು ಎಷ್ಟು ನಡೆಯುತ್ತಿದೆ ಎಂಬುದನ್ನು ಓದುಗರೇ ಬಲ್ಲರು.

ಸರಿಯಾದ ಮದ್ದಿಗೂ ಕಾವಲು ಬೇಕು. ಮೆಥೊಟ್ರೆಕ್ಸೇಟ್ ಎಂಬುದು ಹಳೆಯ, ಅಗ್ಗದ, ಒಳ್ಳೆಯ ಮಾತ್ರೆ. ಆದರೆ ಅದು ವಾರಕ್ಕೊಂದು ದಿನದ ಮದ್ದು. ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಕಾಲಕಾಲಕ್ಕೆ ಆಗಲೇಬೇಕು. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲೋ ಮರಾಠಿಯಲ್ಲೋ, ಮನೆಯಲ್ಲಿ ಮಾತ್ರೆ ಎತ್ತಿಕೊಡುವ ಅಜ್ಜಿಗೆ ಗೊತ್ತಿರುವುದು ಕನ್ನಡ ಮಾತ್ರ ಎಂದಾದರೆ ಏನು ಗತಿ? ಗಡಿಯಲ್ಲಿ ಭಾಷೆಯೂ ಚಿಕಿತ್ಸೆಯ ಭಾಗವೇ.

ದುಬಾರಿಯಾದ ಬಯಾಲಾಜಿಕ್ ಮದ್ದುಗಳೂ ಈಗ ಇವೆ. ಬೆಂಗಳೂರಿನ ಬಯೋಕಾನ್ ಕಂಪನಿ ಇಟೊಲಿಜುಮ್ಯಾಬ್ ಎಂಬುದನ್ನು ಸೋರಿಯಾಸಿಸ್‌ಗೆಂದು 2013ರಲ್ಲಿ ಮಾರುಕಟ್ಟೆಗೆ ತಂದಿತು. ಇಂಥ ಮದ್ದು ಶುರುಮಾಡುವ ಮುಂಚೆ ಮೈಯಲ್ಲಿ ಕ್ಷಯ ಅಡಗಿದೆಯೇ ಅಂತ ನೋಡಬೇಕು. ಆ ಪರೀಕ್ಷೆ ಮಾಡದೆ ಚುಚ್ಚುವವರನ್ನು ವಿಶೇಷ ತಜ್ಞರೆನ್ನುವುದು ಹೇಗೆ?

32 ಷರತ್ತುಗಳ ಮಾದರಿ

ಮಾನದಂಡಕ್ಕೆ ಮಾದರಿ ಇಲ್ಲವೆಂದಲ್ಲ. ಮತ್ತೊಂದು ಚರ್ಮರೋಗವಾದ ಪಿತ್ತಗಂಧೆ ಆರು ವಾರ ಮೀರಿ ಕಾಡಿದರೆ ಅದಕ್ಕೆ ದೀರ್ಘಕಾಲೀನ ಅರ್ಟಿಕೇರಿಯಾ ಎನ್ನುತ್ತಾರೆ. ಗ್ಯಾಲೆನ್ ಎಂಬ ಯುರೋಪಿನ ತಜ್ಞರ ಜಾಲ ಅದಕ್ಕಾಗಿ 2016ರಲ್ಲಿ ‘ಯುಕೇರ್’ ಕೇಂದ್ರಗಳ ವ್ಯವಸ್ಥೆ ತಂದಿತು. ಆ ಹೆಸರು ಬೇಕಾದರೆ 32 ಷರತ್ತು ಪೂರೈಸಿ ತಪಾಸಣೆಗೆ ಒಳಪಡಬೇಕು. ಚಿಕಿತ್ಸೆ, ಸಂಶೋಧನೆ, ತರಬೇತಿ, ಜನಜಾಗೃತಿ ನಾಲ್ಕೂ ಲೆಕ್ಕಕ್ಕುಂಟು. ಅಂದರೆ ಹೆಸರು ತಾನೇ ಇಟ್ಟುಕೊಳ್ಳುವುದಲ್ಲ, ಗಳಿಸಬೇಕಾದದ್ದು.

ಸೋರಿಯಾಸಿಸ್‌ಗೂ ಅಳತೆಗೋಲುಗಳು ಸಿದ್ಧವಾಗಿಯೇ ಇವೆ. ಕೆಂಪು, ದಪ್ಪ, ಹೊಟ್ಟು, ಹರಡಿದ ಜಾಗ ಇವನ್ನೆಲ್ಲ ನೋಡಿ 0ಯಿಂದ 72ರವರೆಗೆ ಅಂಕ ಕೊಡುವ ‘ಪಾಸಿ’ ಪದ್ಧತಿ 1978ರದು. ರೋಗದಿಂದ ದಿನನಿತ್ಯದ ಬದುಕು ಎಷ್ಟು ಕೆಟ್ಟಿದೆ ಎಂದು ತಿಳಿಯುವ ಹತ್ತು ಪ್ರಶ್ನೆಗಳ ಪಟ್ಟಿ 1994ರದು. ಅಂಕವನ್ನೇ ಬರೆದಿಡದ ಕೇಂದ್ರಕ್ಕೆ ಮೂರು ತಿಂಗಳ ನಂತರ ರೋಗ ಇಳಿಯಿತೋ ಏರಿತೋ ಹೇಳಲು ಏನು ಆಧಾರ?

ನಮ್ಮ ಕಾನೂನುಗಳು ಇಷ್ಟು ಒಳಕ್ಕೆ ಇಳಿಯುವುದಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರದು, ಕೇರಳದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯಿದೆ 2018ರದು. ಇವು ಮುಖ್ಯವಾಗಿ ನೋಡುವುದು ನೋಂದಣಿ, ಸೌಕರ್ಯ, ಸಿಬ್ಬಂದಿ, ದರಪಟ್ಟಿ. ಒಂದು ರೋಗದ ‘ವಿಶೇಷ ಕೇಂದ್ರ’ ಅಂತ ಬೋರ್ಡು ಹಾಕಲು ಏನೇನು ಇರಬೇಕು ಎಂಬುದು ಬೇರೆಯೇ ಪ್ರಶ್ನೆ.

ದೂರವೂ ಲೆಕ್ಕಕ್ಕೆ ಬರಲಿ

ಯುರೋಪಿನ ಪಟ್ಟಿಯನ್ನು ಹಾಗೇ ತಂದು ಅಂಟಿಸಿದರೂ ನಡೆಯದು. ಸೋರಿಯಾಸಿಸ್‌ಗೆ ನೇರಳಾತೀತ ಕಿರಣದ ಚಿಕಿತ್ಸೆ ಒಳ್ಳೆಯದು. ಆದರೆ ವಾರಕ್ಕೆ ಎರಡು-ಮೂರು ಸಲ, ಕೆಲವು ತಿಂಗಳು ಹೋಗಬೇಕು. ತಾಳವಾಡಿಯ ರೈತ ಬಿತ್ತನೆ ಬಿಟ್ಟು ಮೈಸೂರಿಗೆ ವಾರಕ್ಕೆ ಮೂರು ಸಲ ಓಡಾಡಲು ಆಗುತ್ತದೆಯೇ? ಆಯುಷ್ಮಾನ್ ಭಾರತ್ ಕಾರ್ಡು ರಾಜ್ಯದ ಗಡಿ ದಾಟಿಯೂ ನಡೆಯುತ್ತದೆ ನಿಜ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ಈ ರೋಗದ ಖರ್ಚೆಲ್ಲ ಹೆಚ್ಚಾಗಿ ಹೊರರೋಗಿ ವಿಭಾಗದ್ದೇ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಗಡಿಯಾಚೆಯ ಆಸ್ಪತ್ರೆಯೊಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನಾವು ಆಗಲೇ ಕಂಡಿದ್ದೇವೆ.

ಮಾನದಂಡ ಬಿಗಿಯಾದರೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಷ್ಟೇ ಉಳಿದು ತಾಲೂಕಿನ ಡಾಕ್ಟರು ಮೂಲೆಗೆ ಬೀಳುತ್ತಾರೆಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದ್ದರಿಂದ ಕೆಲಸ ಹಂಚಿಕೊಳ್ಳುವುದು ಲೇಸು: ಯಾವ ಮದ್ದು ಎಂದು ತೀರ್ಮಾನಿಸುವುದು ಕೇಂದ್ರ, ಅಂಕ ಬರೆಯುವುದು, ರಕ್ತಪರೀಕ್ಷೆ ನೋಡುವುದು ಊರಿನ ಹತ್ತಿರದ ಡಾಕ್ಟರು. ಎರಡೂ ಕಡೆ ಓಡಾಡುವ ದಾಖಲೆ ಪುಸ್ತಕ ಒಂದೇ, ಅದೂ ರೋಗಿ ಓದುವ ಭಾಷೆಯಲ್ಲಿ.

ಇದು ಆಗದ ಮಾತಲ್ಲ. ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಒಂದೇ ಕ್ಯಾಂಪ್ಕೊ ಹುಟ್ಟಿತು. ಪಟೋರ, ಉಳ್ಳಿ, ಕರಿಗೋಟು ಎಂದರೆ ಬದಿಯಡ್ಕದಲ್ಲೂ ಪುತ್ತೂರಿನಲ್ಲೂ ಒಂದೇ ಅರ್ಥ. ಅಡಿಕೆಗೆ ಗಡಿಯಾಚೆ ಈಚೆ ಒಂದೇ ದರ್ಜೆ ಸಾಧ್ಯವಾದರೆ, ಚರ್ಮರೋಗದ ಕೇಂದ್ರಕ್ಕೆ ಯಾಕೆ ಆಗಬಾರದು? ಎರಡೂ ಕಡೆಯ ಆರೋಗ್ಯ ಇಲಾಖೆಗಳು ಮತ್ತು ಚರ್ಮವೈದ್ಯರ ಸಂಘಗಳು ಕೂತು ಮಾತಾಡಬೇಕು; ನಮ್ಮ ಶಾಸಕರು ಅವರನ್ನು ಕೂರಿಸಬೇಕು.

ಅಲ್ಲಿಯವರೆಗೆ ರೋಗಿ ಕೇಳಬೇಕಾದ್ದು ನಾಲ್ಕೇ ಮಾತು. ನನ್ನ ಅಂಕ ಎಷ್ಟು? ಈ ಮದ್ದಿನ ಹೆಸರೇನು? ಶುರುಮಾಡುವ ಮುಂಚೆ ಯಾವ ಪರೀಕ್ಷೆ? ಮುಂದಿನ ಲೆಕ್ಕ ಯಾವಾಗ? ಉತ್ತರವನ್ನು ಬರೆದುಕೊಡದ ಕಡೆ, ಬೋರ್ಡು ಎಷ್ಟೇ ದೊಡ್ಡದಿರಲಿ, ದುಡ್ಡು ಬಿಚ್ಚುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು.