ಪಟ್ಟಿಯಲ್ಲಿರುವ ಹೊಳೆ, ದೋಣಿ ಇರುವ ಹೊಳೆ

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ 111 ಜಲಮಾರ್ಗಗಳ ಪಟ್ಟಿ ಇದೆ. ಅದರಲ್ಲಿ 67ನೆಯದು ನಮ್ಮ ಮಲಪ್ರಭೆ. ಹೊಳೆಆಲೂರಿನ ಕಟ್ಟೆಯ ಮೇಲೆ ಕುಳಿತವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಎಷ್ಟೋ ಬೇಸಿಗೆಗಳಲ್ಲಿ ನಡೆದೇ ದಾಟಿದ ಹೊಳೆಯಲ್ಲಿ ಹಡಗು ಓಡಿಸುವುದು ಹೇಗೆ?

ಜಲಮಾರ್ಗ ಅಂದರೆ ನಿಜಕ್ಕೂ ಏನು ಎಂದು ತಿಳಿಯಲು ನಾವು ಘಟ್ಟ ಇಳಿದು, ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಒಂದು ದಿನ ದೋಣಿಯಲ್ಲಿ ಸುತ್ತಿದೆವು. ತದಡಿಯಿಂದ ಎದುರು ದಂಡೆಯ ಅಘನಾಶಿನಿ ಊರಿಗೆ ರಸ್ತೆಯಲ್ಲಿ ಹೋದರೆ ಹೆದ್ದಾರಿ ಸೇತುವೆಯವರೆಗೆ ಸುತ್ತಬೇಕು. ಹೊಳೆ ದಾಟಲು ಕೆಲವೇ ನಿಮಿಷ ಸಾಕು. ದೋಣಿಯಲ್ಲಿ ಜನರ ಜೊತೆಗೆ ಬೈಕುಗಳೂ ದಾಟುತ್ತವೆ. ನೀರು ಇಳಿದ ಹೊತ್ತಿಗೆ ಹೆಂಗಸರು ಕೆಸರಿನಲ್ಲಿ ಬಳಚು ಹೆಕ್ಕುತ್ತಾರೆ. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಇದೇ ದಂಡೆಯಲ್ಲಿವೆ. ಅಣೆಕಟ್ಟೆಯ ತಡೆ ಇಲ್ಲದೆ ಸಮುದ್ರ ಸೇರುವ ಹೊಳೆ ಇದು. ಈ ಅಳಿವೆಗೂ ನಮ್ಮ ಜಿಲ್ಲೆಯ ಮಾಗಡಿ ಕೆರೆಗೂ 2024ರಲ್ಲಿ ಒಟ್ಟಿಗೇ ರಾಮ್ಸಾರ್ ಮಾನ್ಯತೆ ಸಿಕ್ಕಿತು.

ಸೋಜಿಗವೆಂದರೆ ಆ 111ರ ಪಟ್ಟಿಯಲ್ಲಿ ಅಘನಾಶಿನಿಯ ಹೆಸರೇ ಇಲ್ಲ. ಹೆಸರಿಲ್ಲದ ಹೊಳೆಯಲ್ಲಿ ದಿನವೂ ದೋಣಿ ಓಡುತ್ತದೆ, ಹೆಸರಿರುವ ಹೊಳೆಯಲ್ಲಿ ಇಲ್ಲ.

ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ನಮ್ಮ ಭಾಗಕ್ಕೆ ದೋಣಿ ಬರುವುದು ನೆರೆಯ ಜೊತೆಗೆ. 2009ರಲ್ಲಿ ಹೊಳೆ ಉಕ್ಕಿತು, 2019ರ ಆಗಸ್ಟ್‌ನಲ್ಲಿ ಮತ್ತೆ ಉಕ್ಕಿತು. ಮೇಲೆ ನವಿಲುತೀರ್ಥ ಜಲಾಶಯ ತುಂಬಿ ನೀರು ಬಿಟ್ಟಾಗ, ಇತ್ತ ಬೆಣ್ಣೆಹಳ್ಳವೂ ಸೊಕ್ಕಿ ಬಂದರೆ ದಂಡೆಯ ಊರುಗಳಿಗೆ ಹೊತ್ತು ಸಿಗುವುದಿಲ್ಲ. ಮನೆಯ ಜೋಳದ ಚೀಲ, ದನಕರು, ಮುದುಕರು, ಇವುಗಳಲ್ಲಿ ಯಾವುದನ್ನು ಮೊದಲು ಸಾಗಿಸಬೇಕು ಎಂಬ ಲೆಕ್ಕ ರಾತ್ರೋರಾತ್ರಿ ಹಾಕಬೇಕಾಗುತ್ತದೆ.

ತದಡಿಯಲ್ಲಿ ನಾವು ಕಲಿತದ್ದು ಇಷ್ಟೇ: ನೀರಿನ ಹೊತ್ತು ಗೊತ್ತಿದ್ದರೆ ನೀರಿನ ಜೊತೆ ಬದುಕಬಹುದು. ಅಲ್ಲಿ ಭರತ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ ಎಂಬುದು ಮೀನು ಮಾರುವವರಿಗೂ ಗೊತ್ತು. ಅದನ್ನು ಚಂದ್ರ ನಿಗದಿ ಮಾಡುತ್ತಾನೆ. ನಮ್ಮ ಹೊಳೆಯ ಏರಿಳಿತವನ್ನು ಬಹುಪಾಲು ಜಲಾಶಯದ ಗೇಟು ನಿಗದಿ ಮಾಡುತ್ತದೆ. ಚಂದ್ರನ ಹೊತ್ತು ಊರಿಗೆಲ್ಲ ತಿಳಿಯುವುದಾದರೆ ಗೇಟಿನ ಹೊತ್ತು ಏಕೆ ತಿಳಿಯಬಾರದು?

ಆದ್ದರಿಂದ ಮಲಪ್ರಭೆಯಲ್ಲಿ ಹಡಗು ಬೇಡ. ಎಷ್ಟು ನೀರು ಬಿಟ್ಟರು, ಅದು ಹೊಳೆಆಲೂರಿಗೆ ಎಷ್ಟು ಗಂಟೆಗೆ ಮುಟ್ಟುತ್ತದೆ ಎಂಬುದು ಡಂಗುರದಲ್ಲೋ ಮೈಕಿನಲ್ಲೋ ಮೊದಲೇ ಕೇಳಿಸಲಿ. ಮಳೆಗಾಲಕ್ಕೆ ಮುಂಚೆಯೇ ದಂಡೆಯ ಊರುಗಳಲ್ಲಿ ಒಂದೊಂದು ದೋಣಿ, ಅದನ್ನು ನಡೆಸಲು ಕಲಿತ ನಾಲ್ಕು ಹುಡುಗರು ಸಿದ್ಧವಾಗಿರಲಿ. ಬೇಸಿಗೆಯಲ್ಲಿ ಹೊಳೆ ಹೊಳೆಯಾಗಿ ಉಳಿಯುವಷ್ಟು ನೀರು ಹರಿಯಲಿ. 67 ಎಂಬ ಸಂಖ್ಯೆಗೆ ಆಗ ಅರ್ಥ ಬಂದೀತು.