ಮೂರು ತಿಂಗಳ ಗುಟ್ಟು ಡಾಕ್ಟರಿಗೂ ಯಾಕೆ?

ಗೌರಿ ಹಬ್ಬದ ದಿನ. ಬಾಗಿನ ಕೊಡಲು ಬಂದಿದ್ದ ನನ್ನ ಓರಗಿತ್ತಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಹತ್ತಿರ ಬಂದು, "ಅಕ್ಕ, ಈ ಸಲ ಹದಿನೈದು ದಿನ ಮುಂದಕ್ಕೆ ಹೋಗಿದೆ. ಅದೇ ಇರ್ಬೇಕು" ಅಂದಳು. ಮುಖದಲ್ಲಿ ಖುಷಿ ಒಂದು ಪಾಲು, ಹೆದರಿಕೆ ಎರಡು ಪಾಲು. ನಾನು ಏನು ಹೇಳಿದೆ ಗೊತ್ತೇ? "ಸುಮ್ನಿರು, ಯಾರ ಹತ್ರಾನೂ ಬಾಯಿ ಬಿಡ್ಬೇಡ. ಮೂರು ತುಂಬಲಿ, ಆಮೇಲೆ ನೋಡೋಣ."

ನನ್ನ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ವಿಚಾರಿಸಿದಾಗಲೂ "ಏನಿಲ್ಲ" ಅಂದುಬಿಟ್ಟಳು. ಮೂರು ತುಂಬುವ ಹೊತ್ತಿಗೆ ದೀಪಾವಳಿ ಬಂತು. ಅದು ಮುಗಿಯುವಷ್ಟರಲ್ಲಿ ಅಡಿಕೆ ಕೊಯ್ಲು, ಮನೆ ತುಂಬ ಆಳುಕಾಳು. ಕೊನೆಗೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಸಂಕ್ರಾಂತಿ ಕಳೆದ ಮೇಲೆ, ಆರನೇ ತಿಂಗಳಲ್ಲಿ. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 7.4. ಗರ್ಭಿಣಿಗೆ ಕನಿಷ್ಠ 11 ಇರಬೇಕು. "ಇಷ್ಟು ದಿನ ಎಲ್ಲಿ ನಿದ್ದೆ ಮಾಡ್ತಿದ್ರಿ?" ಎಂದು ಡಾಕ್ಟರು ಗದರಿಸಿದರು. ಅವಳು ತಲೆ ತಗ್ಗಿಸಿದಳು. ಜತೆಗೆ ಹೋಗಿದ್ದ ನಾನೂ ತಗ್ಗಿಸಿದೆ. ಉತ್ತರ ಕೊಡಬೇಕಾಗಿದ್ದವಳು ನಾನೇ ಅಲ್ಲವೇ?

ತಡವಾಗಿ ಬರುವ ಬಸುರಿಯರನ್ನು ಕಂಡರೆ "ತಿಳಿವಳಿಕೆ ಇಲ್ಲ, ಅಸಡ್ಡೆ" ಎಂದು ತೀರ್ಪು ಕೊಡುವುದು ಸುಲಭ. ನನ್ನ ಓರಗಿತ್ತಿ ಪಿಯುಸಿ ಪಾಸಾದವಳು. ಟೀವಿ ನೋಡುತ್ತಾಳೆ, ಪೇಪರ್ ಓದುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮೊದಲ ಮೂರು ತಿಂಗಳೊಳಗೆ ತಪಾಸಣೆಗೆ ಹೋದ ತಾಯಂದಿರು ಶೇ. 70. ಅದಕ್ಕೂ ಮುಂಚಿನ 2015-16ರ ಸಮೀಕ್ಷೆಯಲ್ಲಿ ಇದು ಸುಮಾರು ಶೇ. 59 ಇತ್ತು. ಸುಧಾರಣೆ ಆಗಿದೆ, ಸಂತೋಷ. ಆದರೂ ಹತ್ತರಲ್ಲಿ ಮೂವರು ಹೊರಗೇ ಉಳಿದರಲ್ಲ, ಅವರೆಲ್ಲ ಅಸಡ್ಡೆಯವರೇ? ಅವರ ಕಾರಣಗಳನ್ನು ಒಂದೊಂದಾಗಿ ನೋಡೋಣ ಬನ್ನಿ.

ದೃಷ್ಟಿಯ ಭಯ

ಮೊದಲ ಮೂರು ತಿಂಗಳು ಹೇಳಬಾರದು, ದೃಷ್ಟಿಯಾಗುತ್ತದೆ ಎನ್ನುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಮಾತು. ಅದರಲ್ಲಿ ಒಂದು ಅನುಭವವೂ ಇದೆ. ಗರ್ಭ ಜಾರುವುದು ಹೆಚ್ಚಾಗಿ ಈ ಮೂರು ತಿಂಗಳಲ್ಲೇ. ಎಲ್ಲರಿಗೂ ಹೇಳಿ, ಆಮೇಲೆ ಹಾಗಾದರೆ ಎಲ್ಲರ "ಅಯ್ಯೋ ಪಾಪ" ಕೇಳಬೇಕಲ್ಲ ಎಂಬ ಸಂಕಟ. ಒಮ್ಮೆ ಗರ್ಭ ಕಳೆದುಕೊಂಡವಳಂತೂ ಇನ್ನೂ ಹೆಚ್ಚು ಬಚ್ಚಿಡುತ್ತಾಳೆ.

ಆದರೆ ಯೋಚಿಸಿ. ನಾಜೂಕಾದ ಕಾಲ ಎಂದು ಒಪ್ಪಿಕೊಂಡ ಮೇಲೆ ಆ ಕಾಲದಲ್ಲೇ ಡಾಕ್ಟರಿಂದ ದೂರ ಇರುವುದು ಯಾವ ನ್ಯಾಯ? ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದಿರಲು ಹೆಚ್ಚಿನ ಸಲ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಯಾರಿಗೋ ಹೇಳಿದ್ದರಿಂದಲೋ, ಆಸ್ಪತ್ರೆಗೆ ಹೋದದ್ದರಿಂದಲೋ ಅದು ಆಗುವುದಿಲ್ಲ. ಬೀದಿಗೆ ಹೇಳಬೇಡಿ, ನೆಂಟರಿಗೂ ಹೇಳಬೇಡಿ, ಅದು ನಿಮ್ಮಿಷ್ಟ. ಡಾಕ್ಟರಿಗೆ ಹೇಳಿದರೆ ಗುಟ್ಟು ರಟ್ಟಾಗುವುದಿಲ್ಲ.

ಅತ್ತೆ ಹೇಳಲಿ, ಇವರು ಬರಲಿ

ಹೊಟ್ಟೆ ನಮ್ಮದೇ, ಆದರೆ ಆಸ್ಪತ್ರೆಗೆ ಹೋಗುವ ತೀರ್ಮಾನ ನಮ್ಮದಲ್ಲ! ಅತ್ತೆ "ನಾವೆಲ್ಲ ಹೆರಲಿಲ್ಲವೇ?" ಅನ್ನುತ್ತಾರೆ. ಗಂಡನಿಗೆ ರಜೆ ಇಲ್ಲ. ಒಬ್ಬಳೇ ಬಸ್ಸು ಹತ್ತಲು ಧೈರ್ಯವಿಲ್ಲ, ಕೈಯಲ್ಲಿ ಕಾಸೂ ಇಲ್ಲ. ಇನ್ನು ಕೆಲವು ಮನೆಗಳಲ್ಲಿ "ಹೇಗಿದ್ದರೂ ಹೆರಿಗೆ ತವರಲ್ಲಿ ತಾನೆ, ಅಲ್ಲೇ ತೋರಿಸಲಿ" ಎಂಬ ಲೆಕ್ಕ. ತವರಿನವರು "ಗಂಡನ ಮನೆಯವರು ನೋಡಿಕೊಳ್ತಿದ್ದಾರೆ" ಎಂದುಕೊಂಡಿರುತ್ತಾರೆ. ಎರಡು ಮನೆಗಳ ನಡುವೆ ಸೀಮಂತದ ದಿನ ನಿಗದಿಯಾಗುತ್ತದೆ, ತಪಾಸಣೆಯ ದಿನ ಮಾತ್ರ ಆಗುವುದಿಲ್ಲ.

ಎರಡನೆಯದಲ್ವಾ, ಗೊತ್ತಿದೆ ಬಿಡಿ

ಮೊದಲ ಸಲ ಓಡೋಡಿ ಹೋದವಳು ಎರಡನೆಯ, ಮೂರನೆಯ ಸಲ ನಿಧಾನ ಮಾಡುತ್ತಾಳೆ. ಮೊದಲನೆಯದು ಸಲೀಸಾಗಿ ಆಯಿತಲ್ಲ ಎಂಬ ಭರವಸೆ. ಜತೆಗೆ ಕಂಕುಳಲ್ಲಿ ಒಂದು ಮಗು, ಅದನ್ನು ಬಿಟ್ಟು ಹೋಗಲು ಯಾರಿದ್ದಾರೆ? ಎದೆಹಾಲು ಕುಡಿಸುವಾಗ ಮುಟ್ಟು ಬಾರದಿರುವುದು ಸಹಜ, ಹಾಗಾಗಿ ಬಸುರಾದದ್ದೇ ಗೊತ್ತಾಗುವುದಿಲ್ಲ. ನಲವತ್ತರ ಹತ್ತಿರದವರು ಮುಟ್ಟು ನಿಲ್ಲುವ ಕಾಲ ಬಂತೇನೋ ಅಂದುಕೊಳ್ಳುತ್ತಾರೆ. ಪಿಸಿಓಡಿ, ಥೈರಾಯ್ಡ್ ಇದ್ದವರಿಗೆ ತಿಂಗಳು ತಪ್ಪುವುದು ಮಾಮೂಲಿ. ಇವರಲ್ಲಿ ಯಾರನ್ನು ಅಸಡ್ಡೆ ಎಂದು ಬೈಯುತ್ತೀರಿ?

ಒಂದು ದಿನದ ಕೂಲಿ

ಆಸ್ಪತ್ರೆಯಲ್ಲಿ ತಪಾಸಣೆ ಉಚಿತ ಇರಬಹುದು, ಆ ದಿನ ಉಚಿತವಲ್ಲ. ಕೂಲಿಗೆ ಹೋಗುವವಳಿಗೆ ಒಂದು ದಿನ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು, ಮೇಲೆ ಬಸ್ ಚಾರ್ಜು. ಗಾರ್ಮೆಂಟ್ಸ್‌ಗೆ ಹೋಗುವವಳಿಗೆ ಬಸುರಿ ಅಂತ ಗೊತ್ತಾದರೆ ಕೆಲಸದಿಂದ ತೆಗೆದಾರೆಂಬ ದಿಗಿಲು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದವಳಿಗೆ ಇಲ್ಲಿಯ ಆಸ್ಪತ್ರೆ ಎಲ್ಲಿದೆ ಎಂದೇ ಗೊತ್ತಿಲ್ಲ. "ಊರಿಗೆ ಹೋದಾಗ ತೋರಿಸ್ತೀನಿ" ಅನ್ನುತ್ತಾಳೆ. ಊರಿಗೆ ಹೋಗುವುದು ಜಾತ್ರೆಗೆ.

ಹೇಳಲಾಗದ ಕಾರಣಗಳು

ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ತಾಯಿಯೇ ಬಸುರಾದರೆ ಆಕೆ ಯಾರಿಗೆ ಹೇಳಿಯಾಳು? ಬೇಕೋ ಬೇಡವೋ ಎಂದು ತೀರ್ಮಾನಿಸಲಾಗದೆ ದಿನ ದೂಡುವವರಿದ್ದಾರೆ. ಹೊಟ್ಟೆ ಕಾಣದಂತೆ ಬಿಗಿಯಾಗಿ ಬಟ್ಟೆ ಸುತ್ತಿಕೊಳ್ಳುವ ಅವಿವಾಹಿತ ಹುಡುಗಿಯರಿದ್ದಾರೆ. ಹದಿನೆಂಟು ತುಂಬದ ಮಗಳ ಮದುವೆ ಮಾಡಿದ ಮನೆಯವರು, ಆಸ್ಪತ್ರೆಯಲ್ಲಿ ವಯಸ್ಸು ಕೇಳುತ್ತಾರೆ, ಕೇಸಾಗುತ್ತದೆ ಎಂದು ಆ ಕಡೆ ತಲೆ ಹಾಕುವುದೇ ಇಲ್ಲ. ಹೆಚ್ಚು ಅಪಾಯ ಇರುವುದು ಆ ಎಳೆಯ ಮೈಗೇ.

ಇವರೆಲ್ಲರಿಗೂ ಒಂದು ಮಾತು. ಬಸಿರು ಬೇಡವೆಂದರೂ ಬೇಗ ಹೋಗುವುದೇ ಸುರಕ್ಷಿತ. ಗರ್ಭಪಾತದ ಕಾನೂನು 2021ರಲ್ಲಿ ತಿದ್ದುಪಡಿಯಾಗಿ, ಕಾನೂನು ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು ಎಂದಾಗಿದೆ. ಅವಿವಾಹಿತೆಗೂ ಈ ಹಕ್ಕಿದೆ. ಯಾರಿಗೂ ಗೊತ್ತಾಗದಂತೆ ಅಂಗಡಿಯಿಂದ ಮಾತ್ರೆ ತಂದು ನುಂಗಿ ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ.

ಆ ಮೂರು ತಿಂಗಳಲ್ಲಿ ಏನಿದೆ?

"ಹೊಟ್ಟೆಯೇ ಕಾಣ್ತಿಲ್ಲ, ಈಗ ಹೋಗಿ ಏನು ತೋರಿಸಲಿ?" ಎಂದು ಕೇಳುವವರಿದ್ದಾರೆ. ತೋರಿಸಲು ತುಂಬಾ ಇದೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುವುದು ಮುಟ್ಟು ತಪ್ಪಿ ಹದಿನೈದು ದಿನ ಕಳೆಯುವಷ್ಟರಲ್ಲಿ! ಅದಕ್ಕೆ ಬೇಕಾದದ್ದು ಫೋಲಿಕ್ ಆಸಿಡ್ ಮಾತ್ರೆ. ಗರ್ಭ ಧರಿಸುವ ಮೊದಲೇ ಶುರು ಮಾಡಿದರೆ ಅತ್ಯುತ್ತಮ. ಆರನೇ ತಿಂಗಳಲ್ಲಿ ನುಂಗಿದರೆ ಆ ಕೆಲಸಕ್ಕೆ ಬರುವುದಿಲ್ಲ.

ಹೆರಿಗೆಯ ದಿನಾಂಕವನ್ನು ಹೆಚ್ಚು ಖಚಿತವಾಗಿ ಹೇಳುವುದು ಮೊದಲ ಮೂರು ತಿಂಗಳ ಸ್ಕ್ಯಾನ್. ತಡವಾದಷ್ಟೂ ಲೆಕ್ಕ ಹಿಂದುಮುಂದಾಗುತ್ತದೆ. ಗರ್ಭ ಕೋಶದಲ್ಲಿ ನಿಂತಿದೆಯೋ, ನಾಳದಲ್ಲಿ ನಿಂತಿದೆಯೋ ಎಂದು ತಿಳಿಯುವುದೂ ಆಗಲೇ. ನಾಳದಲ್ಲಿ ನಿಂತು ಅದು ಒಡೆದರೆ ತಾಯಿಯ ಜೀವಕ್ಕೇ ಕುತ್ತು. ರಕ್ತದ ಗುಂಪು ನೆಗೆಟಿವ್ ಇದೆಯೇ, ಸಕ್ಕರೆ, ಬಿಪಿ, ಥೈರಾಯ್ಡ್ ಹೇಗಿವೆ, ಹೆಪಟೈಟಿಸ್ ಬಿ, ಎಚ್‌ಐವಿ, ಸಿಫಿಲಿಸ್ ಇವೆಯೇ ಎಂದು ನೋಡುತ್ತಾರೆ. ಇವನ್ನು ಬೇಗ ಕಂಡುಹಿಡಿದರೆ ಮಗುವಿಗೆ ಆಗುವ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ರಕ್ತಹೀನತೆಯ ಮಾತಂತೂ ಕೇಳಲೇಬೇಡಿ. ಅದೇ 2019-21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಆರನೇ ತಿಂಗಳಲ್ಲಿ ಶುರು ಮಾಡಿದರೆ ಅಷ್ಟು ಮಾತ್ರೆಗೆ ದಿನಗಳೇ ಇರುವುದಿಲ್ಲ. ನನ್ನ ಓರಗಿತ್ತಿಗೆ ಆದದ್ದೂ ಇದೇ. ಕೊನೆಗೆ ರಕ್ತನಾಳಕ್ಕೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸಲು ಅವಳನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

ಹಾಗಾದರೆ ಏನು ಮಾಡಬೇಕು?

* ಮುಟ್ಟು ಒಂದು ವಾರ ತಪ್ಪಿದರೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಕಿಟ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಆಶಾ ಕಾರ್ಯಕರ್ತೆಯ ಹತ್ತಿರವೂ ಕೇಳಿ ನೋಡಿ.

* 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿ. ಗಂಡನ ಮನೆ, ತವರು, ಕೆಲಸದ ಊರು, ಎಲ್ಲಿಗೆ ಹೋದರೂ ಅದು ನಿಮ್ಮ ಚೀಲದಲ್ಲಿರಲಿ.

* ಕನಿಷ್ಠ ನಾಲ್ಕು ಸಲ ತಪಾಸಣೆ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಸಲ ಎನ್ನುತ್ತಿದೆ.

* ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ಉಚಿತ ತಪಾಸಣೆ ಇರುತ್ತದೆ. 2016ರಲ್ಲಿ ಶುರುವಾದ ಈ ಯೋಜನೆ ನಾಲ್ಕನೇ ತಿಂಗಳಿಂದಾಚೆಗಿನವರಿಗೆ. ಮೊದಲ ಭೇಟಿಗೆ 9ನೇ ತಾರೀಕಿನ ದಾರಿ ಕಾಯಬೇಡಿ.

* ಈಗಾಗಲೇ ತಡವಾಗಿದ್ದರೆ? ಬೈಗುಳಕ್ಕೆ ಹೆದರಿ ಇನ್ನೂ ತಡ ಮಾಡಬೇಡಿ. ಏಳನೇ ತಿಂಗಳಾದರೂ ಸರಿ, ನಾಳೆಯೇ ಹೋಗಿ.

ಅತ್ತೆಯಂದಿರೇ, ಅಕ್ಕಂದಿರೇ, ನಾದಿನಿಯರೇ, ಕೊನೆಯ ಮಾತು ನಿಮಗೆ. ಸೊಸೆಯೋ ತಂಗಿಯೋ ಬಸುರಿನ ಸುದ್ದಿ ಮೊದಲು ಹೇಳುವುದು ನಮ್ಮಂಥವರ ಕಿವಿಯಲ್ಲಿ, ಡಾಕ್ಟರಲ್ಲಿ ಅಲ್ಲ. ಆಗ ನಾವು ಏನು ಹೇಳುತ್ತೇವೋ ಅದರ ಮೇಲೆ ಅವಳ ಮುಂದಿನ ಮೂರು ತಿಂಗಳು ನಿಂತಿರುತ್ತದೆ. "ಬಾಯಿ ಬಿಡ್ಬೇಡ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ನಾಳೆ ಬೆಳಿಗ್ಗೆ ರೆಡಿಯಾಗಿರು, ನಾನು ಜತೆಗೆ ಬರ್ತೀನಿ" ಅನ್ನಿ. ಮನೆಯಲ್ಲಿ ಮಗುವಿದ್ದರೆ ಅರ್ಧ ದಿನ ನೋಡಿಕೊಳ್ಳಿ. ಡಾಕ್ಟರು, ನರ್ಸಮ್ಮನವರೂ ಅಷ್ಟೇ. ತಡವಾಗಿ ಬಂದವಳನ್ನು ಗದರಿಸುವ ಬದಲು "ಬಂದ್ರಲ್ಲ, ಒಳ್ಳೇದಾಯ್ತು" ಎಂದರೆ ಅವಳು ಮುಂದಿನ ತಿಂಗಳೂ ಬರುತ್ತಾಳೆ.

ನನ್ನ ಓರಗಿತ್ತಿಗೆ ಹೆಣ್ಣು ಮಗುವಾಯಿತು. ಹೆರಿಗೆಯ ದಿನ ಎರಡು ಬಾಟಲಿ ರಕ್ತ ಸಿದ್ಧ ಮಾಡಿಟ್ಟುಕೊಂಡು ನಾವೆಲ್ಲ ಹೊರಗೆ ಕೂತಿದ್ದೆವು. ಮಗುವಿನ ತೂಕ ಎರಡು ಕಾಲು ಕೆಜಿ, ಇರಬೇಕಾದದ್ದಕ್ಕಿಂತ ಕಡಿಮೆ. ಈಗ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಅವಳು ಒಂದು ದಿನವೂ "ಅಕ್ಕ, ನೀವು ಹೇಳಿದ್ದಕ್ಕೇ ಹೀಗಾಯ್ತು" ಅಂದಿಲ್ಲ. ಆದರೂ ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳುವಾಗ ನನಗೆ ಆ ಅಡುಗೆಮನೆ ನೆನಪಾಗುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಯಾರಾದರೂ ಇಂಥ ಗುಟ್ಟು ಹೇಳಿದರೆ ನೀವು ನನ್ನ ಹಾಗೆ ಮಾಡುವುದಿಲ್ಲ ಅಲ್ಲವೇ?